ಬಳೆಯ ಮಲಾರದಲ್ಲಿ ವಿದ್ಯುತ್ತಿನ ಓಟ: ಮೃದು ಅರೆವಾಹಕದ ಚಲನಶೀಲತೆಯನ್ನು ಅಳೆಯುವ ಬಗೆ

ಪ್ರತಿ ವರ್ಷ ಮೇ ತಿಂಗಳಲ್ಲಿ ನಮ್ಮ ಪ್ರಯೋಗಾಲಯಕ್ಕೆ ಮೂರು ನಾಲ್ಕು ಎಂ.ಎಸ್ಸಿ. ವಿದ್ಯಾರ್ಥಿಗಳು ಪ್ರಾಜೆಕ್ಟ್ ಮಾಡಲು ಬರುತ್ತಾರೆ. ಬಂದ ದಿನವೇ ಎಲ್ಲರ ಕಣ್ಣು ಮೂಲೆಯಲ್ಲಿರುವ ನೈಟ್ರೋಜನ್ ಲೇಸರಿನ ಮೇಲೆ. ಮೊದಲ ವಾರ ನಾನು ಅವರನ್ನು ಅದರ ಹತ್ತಿರ ಬಿಡುವುದಿಲ್ಲ, ಸೂಕ್ಷ್ಮದರ್ಶಕದ ಮುಂದೆ ಕೂರಿಸುತ್ತೇನೆ. ಮುಖ ಸಣ್ಣದಾಗುತ್ತದೆ, ಗೊತ್ತು. ಆದರೆ ಮೆದುವಾದ ವಸ್ತುವಿನೊಳಗೆ ವಿದ್ಯುತ್ತು ಹೇಗೆ ಹರಿಯುತ್ತದೆ ಎಂದು ತಿಳಿಯಬೇಕಾದರೆ ಆ ವಸ್ತು ಒಳಗೆ ಹೇಗೆ ಜೋಡಿಸಿಕೊಂಡಿದೆ ಎಂದು ಮೊದಲು ಕಣ್ಣಾರೆ ನೋಡಬೇಕು. ಇದನ್ನು ನಾನು ಮೂರು ತಿಂಗಳು ಕಳೆದುಕೊಂಡು ಕಲಿತೆ. ಆ ಕಥೆಯನ್ನು ಮುಂದೆ ಹೇಳುತ್ತೇನೆ.

ಸಿಲಿಕಾನ್ ಬಿಲ್ಲೆಯನ್ನು ನೀವು ಹೇಗೆ ಹಿಡಿದರೂ ಅದರ ಪರಮಾಣುಗಳು ಕದಲುವುದಿಲ್ಲ. ನಾನು ಅಳೆಯುವ ವಸ್ತು ಹಾಗಲ್ಲ. ಅದು ತಟ್ಟೆಯಾಕಾರದ ಅಣುಗಳ ದ್ರವ ಹರಳು, ಅಂದರೆ ದ್ರವದಂತೆ ಹರಿದರೂ ಅಣುಗಳು ಹರಳಿನಂತೆ ಒಂದು ಕ್ರಮದಲ್ಲಿ ನಿಲ್ಲುವ ವಸ್ತು. ಚಿಕ್ಕಂದಿನಲ್ಲಿ ನಮ್ಮ ಊರಿಗೆ, ತಿಪಟೂರಿನ ಕಡೆಗೆ, ಬಳೆಗಾರ ಬರುತ್ತಿದ್ದ. ಹೆಗಲಿನ ಮಲಾರದಲ್ಲಿ ಬಳೆಗಳು ಒಂದಕ್ಕೊಂದು ಒತ್ತಿಕೊಂಡು ಹಗ್ಗದಲ್ಲಿ ಸಾಲಾಗಿರುತ್ತಿದ್ದವು. ಹಗ್ಗಗಳು ಪಕ್ಕಪಕ್ಕದಲ್ಲೇ ಇದ್ದರೂ ಒಂದು ಹಗ್ಗದ ಬಳೆ ಇನ್ನೊಂದಕ್ಕೆ ಸೇರುತ್ತಿರಲಿಲ್ಲ. ಈ ಅಣುಗಳ ಏರ್ಪಾಡೂ ಹಾಗೆಯೇ. ತಟ್ಟೆಯ ಮೇಲೆ ತಟ್ಟೆ ಕುಳಿತು ಕಂಬವಾಗುತ್ತದೆ, ಕಂಬಗಳು ಜೇನುಗೂಡಿನಂತೆ ಷಟ್ಕೋನದಲ್ಲಿ ನಿಲ್ಲುತ್ತವೆ. ಕಂಬದೊಳಗೆ ಒಂದು ತಟ್ಟೆಗೂ ಮುಂದಿನದಕ್ಕೂ ಸುಮಾರು 3.6 ಆಂಗ್‌ಸ್ಟ್ರಾಂ ದೂರ, ಒಂದು ಕಂಬಕ್ಕೂ ಪಕ್ಕದ ಕಂಬಕ್ಕೂ ಸುಮಾರು 20 ಆಂಗ್‌ಸ್ಟ್ರಾಂ. ಆದ್ದರಿಂದ ವಿದ್ಯುದಂಶ ಕಂಬದ ಉದ್ದಕ್ಕೆ ತಟ್ಟೆಯಿಂದ ತಟ್ಟೆಗೆ ಜಿಗಿದುಕೊಂಡು ಹೋಗುತ್ತದೆ, ಅಡ್ಡಡ್ಡ ಹೋಗುವುದು ಬಹಳ ಕಷ್ಟ.

ತಟ್ಟೆಯಾಕಾರದ ಅಣುಗಳೂ ದ್ರವ ಹರಳಾಗಬಲ್ಲವು ಎಂದು ಮೊದಲು ತೋರಿಸಿದ್ದು ಬೆಂಗಳೂರಿನಲ್ಲಿ. 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಈ ಫಲಿತಾಂಶವನ್ನು 'ಪ್ರಮಾಣ' ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಸಂಸ್ಥೆಯಿರುವ ಸದಾಶಿವನಗರದ ರಸ್ತೆಯಲ್ಲಿ ಹೋಗುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಅವರ ಅಣುವಿನ ನಡುವೆ ಬೆಂಜೀನ್ ಇತ್ತು. ವಿದ್ಯುತ್ ಅಧ್ಯಯನಕ್ಕೆ ಮುಂದೆ ಹೆಚ್ಚು ಬಳಕೆಗೆ ಬಂದದ್ದು ಟ್ರೈಫಿನೈಲೀನ್. ಕಲಿಯುವವರಿಗೆ ನಾನು ಕೊಡುವುದೂ ಅದನ್ನೇ: ಹೆಕ್ಸಾ ಹೆಕ್ಸೈಲಾಕ್ಸಿ ಟ್ರೈಫಿನೈಲೀನ್, ಪ್ರಯೋಗಾಲಯದ ಮಾತಿನಲ್ಲಿ ಹ್ಯಾಟ್-6. ಸುಮಾರು 70 ಡಿಗ್ರಿ ಸೆಲ್ಸಿಯಸ್‌ವರೆಗೆ ಹರಳು, ಅಲ್ಲಿಂದ ಸುಮಾರು 100 ಡಿಗ್ರಿವರೆಗೆ ಕಂಬಗಳ ದ್ರವ ಹರಳು, ಅದರ ಮೇಲೆ ಸಾಧಾರಣ ದ್ರವ. ಈ ಮೂರು ಅವಸ್ಥೆಗಳೂ ಒಂದೇ ಮಧ್ಯಾಹ್ನದಲ್ಲಿ ಕೈಗೆ ಸಿಗುತ್ತವೆ ಎಂಬ ಕಾರಣಕ್ಕೇ ಇದು ನನಗೆ ಇಷ್ಟ.

ನಾವು ಅಳೆಯಹೊರಟಿರುವುದು ಚಲನಶೀಲತೆಯನ್ನು, ಎಲ್ಲರೂ ಮೊಬಿಲಿಟಿ ಎನ್ನುವುದನ್ನು. ವಿದ್ಯುತ್ ಕ್ಷೇತ್ರ ತಳ್ಳಿದಾಗ ವಿದ್ಯುದಂಶ ಎಷ್ಟು ವೇಗದಲ್ಲಿ ಸಾಗುತ್ತದೆ ಎಂಬುದರ ಲೆಕ್ಕ ಅದು. ಕ್ರಮ ಬಹಳ ನೇರ. ಎರಡು ಗಾಜುಗಳ ನಡುವೆ ವಸ್ತುವನ್ನು ತುಂಬಿ (ಈ ಜೋಡಿಯನ್ನೇ ಕೋಶ ಎನ್ನುವುದು), ವೋಲ್ಟೇಜು ಕೊಟ್ಟು, ಒಂದು ಬದಿಯಿಂದ ಲೇಸರ್ ಬೆಳಕನ್ನು ಕ್ಷಣಮಾತ್ರ ಬೀಳಿಸುವುದು. ಬೆಳಕು ಬಿದ್ದ ಬದಿಯ ತೆಳುಪದರದಲ್ಲಿ ವಿದ್ಯುದಂಶಗಳು ಹುಟ್ಟಿ ಆಚೆ ಗಾಜಿನ ಕಡೆಗೆ ಓಡುತ್ತವೆ. ಓಡುವಷ್ಟು ಹೊತ್ತು ಹೊರಗಿನ ತಂತಿಯಲ್ಲಿ ಕರೆಂಟ್ ಇರುತ್ತದೆ, ಮುಟ್ಟಿದ ಕೂಡಲೇ ಬೀಳುತ್ತದೆ. ಕೋಶದ ದಪ್ಪದ ವರ್ಗವನ್ನು ವೋಲ್ಟೇಜು ಮತ್ತು ಓಟದ ಸಮಯಗಳ ಗುಣಲಬ್ಧದಿಂದ ಭಾಗಿಸಿದರೆ ಚಲನಶೀಲತೆ ಸಿಗುತ್ತದೆ. ಹೇಳಲು ಇಷ್ಟೇ.

ಕೋಶ ಕಟ್ಟುವುದು

ಐಟಿಒ, ಅಂದರೆ ಬೆಳಕನ್ನೂ ಬಿಟ್ಟು ವಿದ್ಯುತ್ತನ್ನೂ ಹರಿಸುವ ಇಂಡಿಯಂ ಟಿನ್ ಆಕ್ಸೈಡ್, ಲೇಪಿಸಿದ ಎರಡು ಗಾಜುಗಳನ್ನು ತೆಗೆದುಕೊಳ್ಳಿ. ಲೇಪವನ್ನು ಆಮ್ಲದಲ್ಲಿ ಕೊರೆದು 5 ಮಿ.ಮೀ. ಅಗಲದ ಪಟ್ಟಿಯನ್ನಷ್ಟೇ ಉಳಿಸಿ, ಎರಡು ಪಟ್ಟಿಗಳೂ ಒಂದನ್ನೊಂದು ಅಡ್ಡ ಹಾಯುವಂತೆ ಗಾಜುಗಳನ್ನು ಜೋಡಿಸಿದರೆ ನಡುವೆ 5 ಮಿ.ಮೀ. ಚೌಕ ಸಿಗುತ್ತದೆ. ಅಳತೆ ನಡೆಯುವುದು ಆ ಚೌಕದಲ್ಲಿ ಮಾತ್ರ. ಸೋಪಿನ ನೀರು, ಶುದ್ಧ ನೀರು, ಅಸಿಟೋನ್, ಐಸೊಪ್ರೊಪೈಲ್ ಆಲ್ಕೋಹಾಲ್ ಎಂದು ಕ್ರಮವಾಗಿ ತೊಳೆದು ಒಣಗಿಸಿ. ಅಂಟಿಗೆ 10 ಮೈಕ್ರಾನ್ ವ್ಯಾಸದ ಸಿಲಿಕಾ ಮಣಿಗಳನ್ನು ಬೆರೆಸಿ ಎರಡು ಅಂಚುಗಳಿಗೆ ಮಾತ್ರ ಹಚ್ಚಿ, ಉಳಿದೆರಡು ಅಂಚುಗಳನ್ನು ತುಂಬಲು ತೆರೆದು ಬಿಡಿ. ಮಲ್ಟಿಮೀಟರ್ ಇಟ್ಟು ನೋಡಿ: ಎರಡು ಪಟ್ಟಿಗಳ ನಡುವೆ ಸಂಪರ್ಕ ಕಂಡರೆ ಒಳಗೆ ದೂಳಿದೆ ಎಂದು ತಿಳಿದು ಆ ಕೋಶವನ್ನು ಪಕ್ಕಕ್ಕಿಡಿ.

10 ಮೈಕ್ರಾನ್ ಮಣಿ ಹಾಕಿದ ಮಾತ್ರಕ್ಕೆ ದಪ್ಪ 10 ಮೈಕ್ರಾನ್ ಆಗಿದೆ ಎಂದು ನಂಬಬೇಡಿ. ಖಾಲಿ ಕೋಶವನ್ನೇ ಅಳೆಯಿರಿ, ತುಂಬಿದ ಮೇಲೆ ಆ ಅವಕಾಶ ಹೋಗುತ್ತದೆ. ಬಿಳಿ ಬೆಳಕನ್ನು ಹಾಯಿಸಿ, ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿ ತೋರಿಸುವ ರೋಹಿತಮಾಪಕದಲ್ಲಿ ನೋಡಿದರೆ ಅಲೆಅಲೆಯಾದ ಗೆರೆ ಕಾಣುತ್ತದೆ. ಅಕ್ಕಪಕ್ಕದ ಎರಡು ಶಿಖರಗಳ ತರಂಗಾಂತರಗಳನ್ನು ಗುಣಿಸಿ, ಅವುಗಳ ವ್ಯತ್ಯಾಸದ ಎರಡರಷ್ಟರಿಂದ ಭಾಗಿಸಿ. ಶಿಖರಗಳು 550 ಮತ್ತು 566 ನ್ಯಾನೊಮೀಟರಿನಲ್ಲಿದ್ದರೆ ದಪ್ಪ 9.7 ಮೈಕ್ರಾನ್. ಒಂದೇ ಜೋಡಿ ಸಾಲದು, ಹತ್ತು ಶಿಖರಗಳನ್ನು ಒಟ್ಟಿಗೆ ಎಣಿಸಿದರೆ ಅಳತೆ ಗಟ್ಟಿಯಾಗುತ್ತದೆ. ದಪ್ಪದ ವರ್ಗ ಲೆಕ್ಕಕ್ಕೆ ಬರುವುದರಿಂದ ಇಲ್ಲಿ ಶೇ 5ರಷ್ಟು ತಪ್ಪಿದರೆ ಉತ್ತರದಲ್ಲಿ ಶೇ 10ರಷ್ಟು ತಪ್ಪುತ್ತದೆ.

ವಸ್ತುವಿನ ಶುದ್ಧತೆಯ ಬಗ್ಗೆ ಒಂದು ಮಾತು. ಹ್ಯಾಟ್-6 ಕೊಂಡರೂ ಸಿಗುತ್ತದೆ. ಕೊಂಡದ್ದನ್ನೂ ಎಥನಾಲಿನಲ್ಲಿ ಕರಗಿಸಿ ಮತ್ತೆ ಹರಳುಗಟ್ಟಿಸಿ, ಎರಡು ಸಲ ಆದರೆ ಒಳ್ಳೆಯದು. ಉಳಿದ ಕಲ್ಮಶ ವಿದ್ಯುದಂಶಗಳಿಗೆ ಗುಂಡಿಯಾಗುತ್ತದೆ, ಬಿದ್ದದ್ದು ಏಳುವುದು ತಡವಾಗುತ್ತದೆ.

ತುಂಬುವುದು, ನಿಲ್ಲಿಸುವುದು

ಇಲ್ಲಿ ನಿಧಾನವಾಗಿ ಓದಿ. ಕೋಶವನ್ನು ಬಿಸಿ ಮಂಚದ (ಬೇಕಾದ ಉಷ್ಣತೆಗೆ ಕಾಯಿಸುವ ಪುಟ್ಟ ಪೀಠದ) ಮೇಲಿಟ್ಟು 110 ಡಿಗ್ರಿಗೆ ಏರಿಸಿ. ತೆರೆದ ಅಂಚಿನಲ್ಲಿ ಚಿಟಿಕೆ ಪುಡಿಯನ್ನು ಇಟ್ಟರೆ ಅದು ಕರಗಿ, ಬತ್ತಿ ಎಣ್ಣೆ ಹೀರುವಂತೆ ಗಾಜುಗಳ ಸಂದಿಗೆ ತಾನೇ ಹೋಗುತ್ತದೆ. ಒಂದೇ ಅಂಚಿನಿಂದ ತುಂಬಿ. ಎರಡೂ ಕಡೆಯಿಂದ ಹಾಕಿದರೆ ನಡುವೆ ಗಾಳಿಯ ಗುಳ್ಳೆ ಸಿಕ್ಕಿಕೊಳ್ಳುತ್ತದೆ.

ತುಂಬಿದ ಕೋಶವನ್ನು ಸೂಕ್ಷ್ಮದರ್ಶಕದಲ್ಲಿ, ಒಂದಕ್ಕೊಂದು ಅಡ್ಡಲಾಗಿ ಇಟ್ಟ ಎರಡು ಪೋಲರೈಸರುಗಳ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆಗಳ) ನಡುವೆ ನೋಡುತ್ತ ತಣಿಸಬೇಕು. ಮೊದಲು ಎಲ್ಲ ಕಪ್ಪು, ಏಕೆಂದರೆ ಅದಿನ್ನೂ ಸಾಧಾರಣ ದ್ರವ. ನಿಮಿಷಕ್ಕೆ 10 ಡಿಗ್ರಿಯಂತೆ ಸರ್ರನೆ ಇಳಿಸಿದರೆ ಸುಮಾರು 100 ಡಿಗ್ರಿಯಲ್ಲಿ ಬೀಸಣಿಗೆಯಾಕಾರದ ಬಣ್ಣಬಣ್ಣದ ಚಿತ್ತಾರ ಥಟ್ಟನೆ ಹರಡಿಕೊಳ್ಳುತ್ತದೆ. ನೋಡಲು ಬಲು ಚೆಂದ, ನಮ್ಮ ಕೆಲಸಕ್ಕೆ ಬಾರದು. ಬಣ್ಣ ಕಂಡಿತು ಎಂದರೆ ಕಂಬಗಳು ಗಾಜಿಗೆ ಸಮಾನಾಂತರವಾಗಿ ಮಲಗಿವೆ ಎಂದರ್ಥ. ಒಂದು ಗಾಜಿನಿಂದ ಇನ್ನೊಂದಕ್ಕೆ ಹೋಗಲು ವಿದ್ಯುದಂಶಕ್ಕೆ ದಾರಿಯೇ ಇರುವುದಿಲ್ಲ.

ಮತ್ತೆ 110ಕ್ಕೆ ಏರಿಸಿ. ಈ ಸಲ 103 ಡಿಗ್ರಿಯಿಂದ ನಿಮಿಷಕ್ಕೆ 0.1 ಡಿಗ್ರಿಯಂತೆ ಇಳಿಸಿ. ಪೋಲರೈಸರನ್ನು ಒಂದೆರಡು ಡಿಗ್ರಿ ಓರೆ ಮಾಡಿ ಕಾಯಿರಿ. ಕತ್ತಲೆಯಲ್ಲಿ ಒಂದು ಮಬ್ಬು ಚುಕ್ಕೆ ಮೂಡುತ್ತದೆ. ಅದರಿಂದ ಆರು ದಿಕ್ಕಿಗೆ ಆರು ಕೈಗಳು ಹೊರಡುತ್ತವೆ, ಪ್ರತಿ ಕೈಯಿಂದ ಜರೀಗಿಡದ ಎಲೆಯಂತೆ ಕವಲುಗಳು. ಮನೆಯ ಮುಂದೆ ಚುಕ್ಕಿಯಿಂದ ಎಳೆದ ರಂಗೋಲಿ ತಾನಾಗಿ ಬೆಳೆದಂತೆ ಕಾಣುತ್ತದೆ. ಇಂಥ ರಂಗೋಲಿಗಳು ಅಲ್ಲಲ್ಲಿ ಎದ್ದು, ಹರಡಿ, ಒಂದನ್ನೊಂದು ಮುಟ್ಟಿ ಚೌಕವನ್ನೆಲ್ಲ ತುಂಬಲು ಅರ್ಧ ಗಂಟೆಯೋ ಒಂದು ಗಂಟೆಯೋ ಬೇಕು. ಎಷ್ಟೋ ಸಲ ನೋಡಿದ್ದೇನೆ, ಇಂದಿಗೂ ಮಧ್ಯದಲ್ಲಿ ಎದ್ದು ಹೋಗಲು ಮನಸ್ಸಾಗುವುದಿಲ್ಲ. ತುಂಬಿದ ಮೇಲೆ ಪೋಲರೈಸರನ್ನು ಸರಿಯಾಗಿ ಅಡ್ಡಕ್ಕೆ ತಂದರೆ ಎಲ್ಲವೂ ಮತ್ತೆ ಕಪ್ಪಾಗುತ್ತದೆ. ಮಂಚವನ್ನು ತಿರುಗಿಸಿ ನೋಡಿ: ಕಪ್ಪು ಕಪ್ಪಾಗಿಯೇ ಉಳಿದರೆ ಕಂಬಗಳು ಗಾಜಿಗೆ ಲಂಬವಾಗಿ ನಿಂತಿವೆ. ನೀವು ಅವುಗಳನ್ನು ಮೇಲಿನಿಂದ, ತಟ್ಟೆಯ ಮುಖವನ್ನೇ ನೋಡುತ್ತಿದ್ದೀರಿ.

ಚೌಕದ ಪೂರ್ತಿ ಚಿತ್ರವನ್ನು ತೆಗೆದುಕೊಳ್ಳಿ. ಬೆಳಕು ತೂರುವ ಕಲೆಗಳು ಎಲ್ಲಿವೆ ಎಂದು ಪುಸ್ತಕದಲ್ಲಿ ಗುರುತು ಮಾಡಿ. ಲೇಸರ್ ಎಲ್ಲಿಗೆ ಬೀಳಬೇಕು ಎಂಬುದನ್ನು ಈ ಚಿತ್ರ ಹೇಳುತ್ತದೆ.

ಬಿಸಿ ಮಂಚದ ಉಷ್ಣಮಾಪಕವನ್ನು ಪರೀಕ್ಷಿಸಿದ್ದೀರಾ? ಶುದ್ಧ ನ್ಯಾಫ್ತಲೀನ್ ಕರಗುವುದು 80.2 ಡಿಗ್ರಿಯಲ್ಲಿ. ಒಂದು ಹರಳನ್ನು ಇಟ್ಟು ನೋಡಿದರೆ ಮಂಚದ ತಪ್ಪು ಗೊತ್ತಾಗುತ್ತದೆ. ಅಂಗಡಿಯ ನುಸಿಗುಳಿಗೆ ಬೇಡ, ಅದರಲ್ಲಿ ಹಲವು ಬೇರೆಯೇ ರಾಸಾಯನಿಕದವು.

ಸರ್ಕೀಟಿನ ಲೆಕ್ಕ

ನಾನು ಮೂರು ತಿಂಗಳು ಕಳೆದುಕೊಂಡದ್ದು ಇಲ್ಲಿ. ಆಗ ನಾನು ಬೇರೆ ಪ್ರಯೋಗಾಲಯದಲ್ಲಿ ಪಿಎಚ್.ಡಿ.ಯ ಎರಡನೆಯ ವರ್ಷದಲ್ಲಿದ್ದೆ. ಕೋಶ ತುಂಬಿ, 50 ವೋಲ್ಟ್ ಕೊಟ್ಟು, ಲೇಸರ್ ಹಾರಿಸಿದೆ. ಸಂಕೇತ ಚೆನ್ನಾಗಿ ಎದ್ದು ಕಾಣಲಿ ಎಂದು ಒಂದು ಲಕ್ಷ ಓಮಿನ ರೋಧಕವನ್ನು ಹಾಕಿದ್ದೆ. ಎರಡೂ ಅಕ್ಷಗಳನ್ನು ಲಾಗ್ ಮಾಡಿ ಎಳೆದ ನಕ್ಷೆಯಲ್ಲಿ ಸಮತಟ್ಟು, ಆಮೇಲೆ ಸ್ಪಷ್ಟವಾದ ಮೊಣಕಾಲು, ಆಮೇಲೆ ಇಳಿಜಾರು. ಮೊಣಕಾಲು ಸುಮಾರು 16 ಮೈಕ್ರೊಸೆಕೆಂಡಿನಲ್ಲಿತ್ತು. ಲೆಕ್ಕ ಹಾಕಿದರೆ ಚಲನಶೀಲತೆ ಸುಮಾರು 0.001 (ವೋಲ್ಟ್-ಸೆಕೆಂಡಿಗೆ ಚದರ ಸೆಂಟಿಮೀಟರ್, ಮುಂದೆಯೂ ಇದೇ ಏಕಮಾನ), ಪ್ರಬಂಧಗಳಲ್ಲಿ ಓದಿದ್ದಕ್ಕೆ ಹತ್ತಿರ. ಮೂರು ತಿಂಗಳು ಅದೇ ಅಳತೆಯನ್ನು ಬೇರೆ ಬೇರೆ ಕೋಶಗಳಲ್ಲಿ ಮಾಡಿ ಕೋಷ್ಟಕ ತುಂಬಿಸಿದೆ.

ಕೋಷ್ಟಕವನ್ನು ನೋಡಿದ ಮಾರ್ಗದರ್ಶಕರು ಒಂದೇ ಪ್ರಶ್ನೆ ಕೇಳಿದರು: "ವೋಲ್ಟೇಜು ಬದಲಾಯಿಸಿ ನೋಡಿದೆಯೇನಮ್ಮ?"

ಅಂದೇ ಸಂಜೆ 100 ವೋಲ್ಟ್ ಕೊಟ್ಟೆ. ಓಟದ ಸಮಯ ಅರ್ಧಕ್ಕೆ ಇಳಿಯಬೇಕಿತ್ತು. ಇಳಿಯಲಿಲ್ಲ, 16ರಲ್ಲೇ ನಿಂತಿತು. 20 ವೋಲ್ಟಿನಲ್ಲೂ ಅಷ್ಟೇ. ನಾನು ಅಳೆದದ್ದು ನನ್ನದೇ ಸರ್ಕೀಟನ್ನು. 5 ಮಿ.ಮೀ. ಚೌಕ, 10 ಮೈಕ್ರಾನ್ ದಪ್ಪದ ಕೋಶದ ಧಾರಕತೆ, ಅಂದರೆ ವಿದ್ಯುದಂಶವನ್ನು ಹಿಡಿದಿಡುವ ಸಾಮರ್ಥ್ಯ, ಸುಮಾರು 65 ಪಿಕೊಫ್ಯಾರಡ್. ಒಂದು ಮೀಟರ್ ಕೇಬಲ್ಲು ಇನ್ನೊಂದು 100 ಸೇರಿಸುತ್ತದೆ. 165 ಪಿಕೊಫ್ಯಾರಡನ್ನು ಒಂದು ಲಕ್ಷ ಓಮಿನಿಂದ ಗುಣಿಸಿದರೆ 16.5 ಮೈಕ್ರೊಸೆಕೆಂಡ್. ಧಾರಕ ಖಾಲಿಯಾಗುವ ವಕ್ರರೇಖೆಯನ್ನು ಲಾಗ್ ಅಕ್ಷಗಳಲ್ಲಿ ಎಳೆದರೆ ಅದಕ್ಕೂ ಒಂದು ಮೊಣಕಾಲು ಇರುತ್ತದೆ. ಮರುದಿನ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟಾಗ ಒಂದೊಂದರಲ್ಲೂ ಬಣ್ಣದ ಬೀಸಣಿಗೆ. ಕಂಬಗಳೆಲ್ಲ ಮಲಗಿದ್ದವು. ವಿದ್ಯುದಂಶಗಳು ಹುಟ್ಟಿದ ಜಾಗದಿಂದ ಒಂದಿಷ್ಟು ಸರಿದು ಅಲ್ಲೇ ನಿಂತುಬಿಟ್ಟಿದ್ದವು. ನಾನು ಒಂದು ಸಲವೂ ಇಣುಕಿ ನೋಡಿರಲಿಲ್ಲ.

ಆದ್ದರಿಂದ ಲೇಸರ್ ಹಚ್ಚುವ ಮೊದಲೇ ಈ ಗುಣಾಕಾರವನ್ನು ಮಾಡಿ, ಬಂದ ಸಮಯವನ್ನು ಪುಸ್ತಕದಲ್ಲಿ ಬರೆಯಿರಿ. ನಿರೀಕ್ಷಿಸುವ ಓಟದ ಸಮಯದ ಇಪ್ಪತ್ತನೆಯ ಒಂದು ಭಾಗಕ್ಕಿಂತ ಅದು ಕಡಿಮೆ ಇರಲಿ. ಚಲನಶೀಲತೆ 0.001 ಎಂದುಕೊಂಡರೆ 10 ಮೈಕ್ರಾನ್ ಕೋಶದಲ್ಲಿ 50 ವೋಲ್ಟಿಗೆ ಓಟದ ಸಮಯ 20 ಮೈಕ್ರೊಸೆಕೆಂಡ್. 1000 ಓಮಿನ ರೋಧಕ ಹಾಕಿದರೆ ಸರ್ಕೀಟಿನ ಸಮಯ 0.17 ಮೈಕ್ರೊಸೆಕೆಂಡ್, ಚಿಂತೆಯಿಲ್ಲ. ಸಂಕೇತ ಕೆಲವೇ ಮಿಲಿವೋಲ್ಟಿಗೆ ಇಳಿಯುತ್ತದೆ, ಅದಕ್ಕೆ ಒಳ್ಳೆಯ ಆಂಪ್ಲಿಫೈಯರ್ ಇರಲಿ. ಆಸಿಲೋಸ್ಕೋಪಿನ ಒಳರೋಧ 10 ಲಕ್ಷ ಓಮಿಗೆ ಇದೆಯೋ 50ಕ್ಕೆ ಇದೆಯೋ ಎಂಬುದನ್ನೂ ಬರೆದಿಡಿ.

ಲೇಸರ್ ಹಾರಿಸುವುದು

ನೈಟ್ರೋಜನ್ ಲೇಸರಿನ ಬೆಳಕು 337 ನ್ಯಾನೊಮೀಟರಿನದು, ಕಣ್ಣಿಗೆ ಕಾಣುವುದಿಲ್ಲ, ಕಣ್ಣನ್ನು ಮಾತ್ರ ಕೆಡಿಸುತ್ತದೆ. ಅತಿನೇರಳೆಯನ್ನು ತಡೆಯುವ ಕನ್ನಡಕ ಹಾಕದೆ ಯಾರೂ ಒಳಗೆ ಬರಬಾರದು. ಕಿರಣ ಎಲ್ಲಿದೆ ಎಂದು ಹುಡುಕಲು ಬಿಳಿ ಕಾಗದ ಹಿಡಿಯಿರಿ. ಕಾಗದಕ್ಕೆ ಬೆರೆಸಿದ ಬಿಳುಪುಕಾರಕ ನೀಲಿಯಾಗಿ ಹೊಳೆಯುತ್ತದೆ.

ಈ ಲೇಸರಿನೊಳಗೆ ಪ್ರತಿ ಸಲವೂ ಒಂದು ಸಣ್ಣ ಸಿಡಿಲು ಹೊಡೆಯುತ್ತದೆ ಎಂದರೆ ತಪ್ಪಲ್ಲ. ಅದರ ಗದ್ದಲ ಗಾಳಿಯಲ್ಲೇ ಹಾರಿ ನಿಮ್ಮ ತಂತಿಗೆ ಬಂದು ಕೂರುತ್ತದೆ. ಕೋಶ ಮತ್ತು ಬಿಸಿ ಮಂಚವನ್ನು ಲೋಹದ ಪೆಟ್ಟಿಗೆಯಲ್ಲಿಟ್ಟು ಪೆಟ್ಟಿಗೆಗೆ ತಂತಿಯಿಂದ ಅರ್ತಿಂಗ್ ಕೊಡಿ. ನಾನು ಬಹಳ ದಿನ ಬಳಸಿದ್ದು ತವರದ ಬಿಸ್ಕತ್ತಿನ ಡಬ್ಬಿ, ಬೆಳಕಿಗೆ ಒಂದು ತೂತು, ತಂತಿಗಳಿಗೆ ಎರಡು. ಬೆಳಕಿನ ತೂತನ್ನು ಮುಚ್ಚಿ ಒಮ್ಮೆ ಹಾರಿಸಿ, ಬಂದದ್ದನ್ನು ದಾಖಲಿಸಿ. ಅದು ಬರೀ ಗದ್ದಲ, ಆಮೇಲೆ ಕಳೆಯಲು ಬೇಕಾಗುತ್ತದೆ.

ಬೆಳಕನ್ನು ಫಿಲ್ಟರುಗಳಿಂದ ತಗ್ಗಿಸಿ. ಹೆಚ್ಚು ಬೆಳಕು ಹೆಚ್ಚು ಸಂಕೇತ ಕೊಡುತ್ತದೆ ಎಂಬ ಆಸೆ ಸಹಜ, ಆದರೆ ಹುಟ್ಟುವ ವಿದ್ಯುದಂಶಗಳು ಬಹಳವಾದರೆ ಅವು ತಮ್ಮದೇ ಕ್ಷೇತ್ರ ಹುಟ್ಟಿಸಿ ಒಂದನ್ನೊಂದು ತಳ್ಳುತ್ತವೆ. ಕೋಶದಲ್ಲಿ ತುಂಬಿರುವ ಒಟ್ಟು ವಿದ್ಯುದಂಶದ ಹತ್ತನೆಯ ಒಂದು ಭಾಗ ಮೇಲ್ಮಿತಿ. 65 ಪಿಕೊಫ್ಯಾರಡ್, 50 ವೋಲ್ಟಿಗೆ ಅದು ಸುಮಾರು 0.3 ನ್ಯಾನೊಕೂಲಂ. ಪ್ರತಿ ಹಾರಿಕೆಯ ನಡುವೆ ವೋಲ್ಟೇಜು ತೆಗೆದು ಎರಡು ತಂತಿಗಳನ್ನು ಕೂಡಿಸಿ, ಅಡಗಿದ ವಿದ್ಯುದಂಶಗಳು ಬರಿದಾಗಲಿ.

ಬೆಳಕು ಬೀಳುವ ಗಾಜು ಧನವಾಗಿದ್ದರೆ ದಾಟುವುದು ರಂಧ್ರಗಳು, ಅಂದರೆ ಧನ ವಿದ್ಯುದಂಶಗಳು. ತಿರುವು ಮಾಡಿದರೆ ಎಲೆಕ್ಟ್ರಾನುಗಳು. ರಂಧ್ರಗಳ ಓಟ ಚೆನ್ನಾಗಿ ಕಾಣುತ್ತದೆ. ಎಲೆಕ್ಟ್ರಾನುಗಳನ್ನು ಆಮ್ಲಜನಕವೂ ಕಲ್ಮಶವೂ ಹಿಡಿದು ಹಾಕುತ್ತವೆ. ಅವುಗಳ ಓಟ ಕಾಣಬೇಕಾದರೆ ಶುದ್ಧೀಕರಣಕ್ಕೆ ಇನ್ನಷ್ಟು ದಿನ ಕೊಡಬೇಕು.

ನಂಬುವ ಮೊದಲು

ಒಳ್ಳೆಯ ಕೋಶದಲ್ಲಿ ಸಾಧಾರಣ ಅಕ್ಷಗಳಲ್ಲೇ ಸಮತಟ್ಟು ಕಂಡು, ಆಮೇಲೆ ಇಳಿತ ಕಾಣುತ್ತದೆ. ಎಲ್ಲ ವಿದ್ಯುದಂಶಗಳೂ ಗುಂಪಾಗಿ ಓಡಿ ಗುಂಪಾಗಿ ಮುಟ್ಟಿವೆ ಎಂದರ್ಥ. ಕೆಟ್ಟ ಕೋಶದಲ್ಲಿ ಕೆಲವು ಮುಂದೆ, ಕೆಲವು ಗುಂಡಿಯಲ್ಲಿ. ನಕ್ಷೆ ಎಲ್ಲೂ ನಿಲ್ಲದೆ ಜಾರುತ್ತದೆ. ಅದಕ್ಕೆ 1975ರಲ್ಲಿ ಶೆರ್ ಮತ್ತು ಮಾಂಟ್ರೋಲ್ ಎಂಬ ವಿಜ್ಞಾನಿಗಳು ಕೊಟ್ಟ ವಿವರಣೆ ಇಂದಿಗೂ ನಡೆಯುತ್ತದೆ: ಲಾಗ್ ಅಕ್ಷಗಳಲ್ಲಿ ಮೊಣಕಾಲಿನ ಮುಂಚಿನ ಮತ್ತು ನಂತರದ ಇಳಿಜಾರುಗಳನ್ನು ಕೂಡಿದರೆ ಋಣ 2 ಬರಬೇಕು. ಬರದಿದ್ದರೆ ಆ ಮೊಣಕಾಲು ಬೇರೆ ಯಾವುದರದೋ.

ವೋಲ್ಟೇಜನ್ನು ಕನಿಷ್ಠ ಐದು ಬೆಲೆಗಳಲ್ಲಿ ಬದಲಾಯಿಸಿ. ಓಟದ ವೇಗ ವೋಲ್ಟೇಜಿನೊಂದಿಗೆ ಸರಳರೇಖೆಯಲ್ಲಿ ಏರಬೇಕು. ಬೆಳಕನ್ನು ಅರ್ಧ ಮಾಡಿ: ಎತ್ತರ ಅರ್ಧವಾಗಬೇಕು, ಸಮಯ ಕದಲಬಾರದು. ಎರಡರಷ್ಟು ದಪ್ಪದ ಕೋಶ ಕಟ್ಟಿ: ಅದೇ ವೋಲ್ಟೇಜಿಗೆ ಸಮಯ ನಾಲ್ಕು ಪಟ್ಟಾಗಬೇಕು. ಈ ಮೂರನೆಯದಕ್ಕೆ ಒಂದು ವಾರ ಹಿಡಿಯುತ್ತದೆ, ಎಲ್ಲರೂ ಬಿಡಲು ನೋಡುತ್ತಾರೆ, ನಾನು ಬಿಡಗೊಡುವುದಿಲ್ಲ.

ಆಮೇಲೆ ಉಷ್ಣತೆ. 110 ಡಿಗ್ರಿಯಿಂದ 5 ಡಿಗ್ರಿಯಂತೆ ಇಳಿಯುತ್ತ (100ರ ಆಸುಪಾಸಿನಲ್ಲಿ ಮಾತ್ರ ಹಿಂದೆ ಹೇಳಿದಂತೆ ನಿಮಿಷಕ್ಕೆ 0.1 ಡಿಗ್ರಿಯಂತೆ), ಪ್ರತಿ ಹಂತದಲ್ಲಿ 10 ನಿಮಿಷ ಕಾದು ಅಳೆಯಿರಿ. ಸಾಧಾರಣ ದ್ರವದಲ್ಲಿ ಕಂಬಗಳೇ ಇಲ್ಲದ್ದರಿಂದ ಸಂಕೇತ ಜೋಲುತ್ತದೆ. 100ರ ಸುಮಾರಿಗೆ ಕಂಬಗಳು ಎದ್ದ ಕೂಡಲೇ ಓಟ ಚುರುಕಾಗುತ್ತದೆ, ಆ ಅವಸ್ಥೆ ಮುಗಿಯುವವರೆಗೂ ಹೆಚ್ಚು ಬದಲಾಗದು. ಸಿಲಿಕಾನಿನ 1400ರ ಮುಂದೆ ನಿಮ್ಮ 0.001 ಏನೂ ಅಲ್ಲ ಎನಿಸಬಹುದು. ಆದರೆ ಇದು ಗಾಜಿನ ಸಂದಿಗೆ ತಾನೇ ಹರಿದು, ತಾನೇ ಎದ್ದು ನಿಂತ ವಸ್ತು. ಇದೇ ಟ್ರೈಫಿನೈಲೀನಿನ ಗಂಧಕವುಳ್ಳ ಒಂದು ಸೋದರ ಅಣುವಿನಲ್ಲಿ, ತಟ್ಟೆಗಳು ಇನ್ನೂ ಬಿಗಿಯಾಗಿ ಕೂರುವ ಅವಸ್ಥೆಯಲ್ಲಿ, 1994ರಲ್ಲಿ ಜರ್ಮನಿಯ ಸಂಶೋಧಕರು 0.1ನ್ನು ಅಳೆದು ತೋರಿಸಿದ್ದಾರೆ.

ಇನ್ನೂ ತಣಿಸಿದರೆ, ಕೆಲವೊಮ್ಮೆ 70ಕ್ಕಿಂತ ಸಾಕಷ್ಟು ಕೆಳಗೆ, ವಸ್ತು ಹರಳಾಗುತ್ತದೆ. ವಿದ್ಯಾರ್ಥಿಗಳು ಈ ಹಂತದಲ್ಲಿ ಓಟ ಇನ್ನೂ ಚುರುಕಾಗುತ್ತದೆ ಎಂದು ಕಾಯುತ್ತಾರೆ. ಸಂಕೇತವೇ ಮಾಯವಾಗುತ್ತದೆ. ಪೆಟ್ಟಿಗೆಯಿಂದ ತೆಗೆದು ಸೂಕ್ಷ್ಮದರ್ಶಕದಲ್ಲಿಟ್ಟರೆ ಕಾರಣ ಕಾಣುತ್ತದೆ: ಬೇಸಿಗೆಯ ಕೆರೆಯಂಗಳದಂತೆ ಉದ್ದಕ್ಕೂ ಬಿರುಕು. ಹರಳಾಗುವಾಗ ವಸ್ತು ಕುಗ್ಗಿತು, ಒಡೆಯಿತು, ಪ್ರತಿ ಬಿರುಕೂ ಒಂದು ಗುಂಡಿ. ಮತ್ತೆ 110ಕ್ಕೆ ಏರಿಸಿ ನಿಧಾನವಾಗಿ ಇಳಿಸಿ, ಬಿರುಕುಗಳೆಲ್ಲ ಮುಚ್ಚಿ, ಅದೇ ಕೋಶದಲ್ಲಿ ಓಟ ಮರಳಿ ಬರುತ್ತದೆ. ಮೆದುವಾಗಿರುವುದರಿಂದ ಈ ವಸ್ತುವಿಗೆ ಏನು ಲಾಭ ಎಂದು ಯಾರಾದರೂ ಕೇಳಿದರೆ ನಾನು ಈ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ತೋರಿಸುತ್ತೇನೆ.

ಕೆಲಸ ಮುಗಿದ ಮೇಲೆ ಕೋಶದ ಮೂಲೆಯಲ್ಲಿ ವಜ್ರದ ಮೊನೆಯಿಂದ ಸಂಖ್ಯೆ ಕೊರೆಯಿರಿ. ಪೆನ್ನಿನಲ್ಲಿ ಬರೆದದ್ದು ಅಸಿಟೋನ್ ತಾಗಿದರೆ ಹೋಗುತ್ತದೆ. ತಾರೀಖು, ದಪ್ಪ, ತಣಿಸಿದ ವೇಗ, ರೋಧಕದ ಬೆಲೆ, ಬೆಳಕು ಬಿದ್ದ ಬದಿ ಇವೆಲ್ಲ ಪುಸ್ತಕದ ಒಂದೇ ಪುಟದಲ್ಲಿರಲಿ. ಕೋಶವನ್ನು ಕತ್ತಲೆಯಲ್ಲಿ, ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಇಡಿ. ಒಂದು ವಾರ ಬಿಟ್ಟು ಹೊರತೆಗೆದು, ಮತ್ತೆ ಕರಗಿಸಿ ನಿಲ್ಲಿಸಿ, ಕಪ್ಪಾಗಿದೆಯೇ ಎಂದು ನೋಡಿ, 50 ವೋಲ್ಟಿನಲ್ಲಿ ಇನ್ನೊಮ್ಮೆ ಅಳೆಯಿರಿ. ಆ ಎರಡನೆಯ ಅಳತೆಯೂ ಮೊದಲನೆಯದೂ ಹೊಂದಿದ ಮೇಲೆಯೇ ಸಂಖ್ಯೆಯನ್ನು ನನ್ನ ಮೇಜಿಗೆ ತನ್ನಿ.